ಮಂಗನ ಕಾಯಿಲೆಯನ್ನು ತಂದದ್ದು ವಲಸೆ ಹಕ್ಕಿಗಳೇ? ಸಲೀಂ ಅಲಿ ಉಂಗುರ ತೊಡಿಸಿ ಹುಡುಕಿದ ಉತ್ತರ

ಮಾರ್ಚ್, ಏಪ್ರಿಲ್ ಬಂತೆಂದರೆ ಮಂಗಳೂರಿನ ಆಕಾಶದಲ್ಲಿ ಕೆಲವು ಮುಖಗಳು ಕಾಣೆಯಾಗುತ್ತವೆ. ಬಂದರಿನಲ್ಲಿ ಮೀನಿನ ಬುಟ್ಟಿಯ ಮೇಲೆ ಸುತ್ತುವ ಹದ್ದು, ಗರುಡ ಇಲ್ಲಿನವೇ, ಅವು ಉಳಿಯುತ್ತವೆ. ಚಳಿಗಾಲ ಕಳೆಯಲು ಬಂದಿದ್ದ ಆಸ್ಪ್ರೆ, ಹ್ಯಾರಿಯರ್‌ನಂಥ ಬೇಟೆ ಹಕ್ಕಿಗಳು ಉತ್ತರಕ್ಕೆ ಹೊರಡುತ್ತವೆ. ಹೋಗುವವು ಎಷ್ಟು ಎಂದು ಎಣಿಸುವವರಿಗೆ ಇದೇ ಕಾಲ.

ಮಂಗನ ಕಾಯಿಲೆಯ ಕಾಲವೂ ಇದೇ. ಡಿಸೆಂಬರಿನಿಂದ ಮೇ ತನಕ ಅದರ ಕಾಟ ಹೆಚ್ಚು. 1980ರ ದಶಕದ ಆರಂಭದಲ್ಲಿ ನಮ್ಮ ಬೆಳ್ತಂಗಡಿ ತಾಲೂಕೂ ಅದರ ಏಟು ತಿಂದಿದೆ. ಹಕ್ಕಿ ಬಂದು ಹೋಗುವ ಹೊತ್ತಿಗೇ ರೋಗವೂ ಬಂದರೆ ಅನುಮಾನ ಹುಟ್ಟುವುದು ಸಹಜ. ಇದು ವಾಟ್ಸ್ಆ್ಯಪ್ ಕಾಲದ ಅನುಮಾನವಲ್ಲ. ಮೊದಲು ಅನುಮಾನಪಟ್ಟವರು ವಿಜ್ಞಾನಿಗಳೇ. ಅದನ್ನು ಪರೀಕ್ಷಿಸುವ ಕೆಲಸ ಬಿದ್ದದ್ದು ಸಲೀಂ ಅಲಿಯವರ ಹೆಗಲಿಗೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು, ಸೋದರಮಾವನ ಮನೆಯಲ್ಲಿ ಬೆಳೆದರು. ಏರ್‌ಗನ್ನಿನಲ್ಲಿ ಹೊಡೆದ ಗುಬ್ಬಚ್ಚಿಯ ಕುತ್ತಿಗೆ ಹಳದಿಯಾಗಿದ್ದದ್ದು ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಡಿಗ್ರಿ ಇಲ್ಲವೆಂದು ಅವರಿಗೆ ಸರಕಾರಿ ಪ್ರಾಣಿಶಾಸ್ತ್ರ ಸಂಸ್ಥೆಯ ಕೆಲಸ ಸಿಗಲಿಲ್ಲ ಎಂಬುದು. ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. ಬಂದ ಮೇಲೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಹಕ್ಕಿ ಸಮೀಕ್ಷೆ ಮಾಡುತ್ತಾ ಅಲೆದರು. 1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖದ ಬೆನ್ನಿಗೇ ಮೈಸೂರು ಸಂಸ್ಥಾನದ ಕಾಡುಗಳನ್ನು ಸುತ್ತಿದರು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪತ್ತೆಹಚ್ಚಿದ ವೈರಸ್, ರಷ್ಯಾದಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಮಿದುಳುಜ್ವರ ತರುವ ವೈರಸ್ಸಿನ ಸಂಬಂಧಿ. ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಯಲ್ಲಿ ಉಣುಗು ಬಂತೇ, ಅದರೊಳಗೆ ವೈರಸ್ ಬಂತೇ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ 1959ರ ಹೊತ್ತಿಗೆ ಸಲೀಂ ಅಲಿಯವರ ತಂಡ ಕೆಲಸ ಶುರುಮಾಡಿತು.

ಮಾಡಿದ್ದು ಸರಳ, ಆದರೆ ತಾಳ್ಮೆ ಬೇಡುವ ಕೆಲಸ. ನವಿರಾದ ಬಲೆ ಕಟ್ಟಿ ಹಕ್ಕಿ ಹಿಡಿಯುವುದು, ಮೈಯ ಉಣುಗು ಹೆಕ್ಕುವುದು, ಕಾಲಿಗೆ ನಂಬರಿನ ಹಗುರ ಉಂಗುರ ತೊಡಿಸಿ ಬಿಡುವುದು. ಆ ನಂಬರ್ ದೂರದ ದೇಶದಲ್ಲಿ ಯಾರ ಕೈಗಾದರೂ ಸಿಕ್ಕರೆ ದಾರಿ ತಿಳಿಯಿತು. ಇಂಥ ಬಲೆಗೆ ಸಿಗುವುದು ಹೆಚ್ಚಾಗಿ ಸಣ್ಣ ಹಕ್ಕಿಗಳು. ಎತ್ತರದಲ್ಲಿ ತೇಲುವ ಗಿಡುಗಗಳನ್ನು ಲೆಕ್ಕ ಹಾಕಲು ಈಗಲೂ ಕಣ್ಣು, ದುರ್ಬೀನೇ ಬೇಕು.

ವಲಸೆ ಹಕ್ಕಿಗಳೇ ಈ ರೋಗವನ್ನು ರಷ್ಯಾದಿಂದ ತಂದವು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಕಾಡಿನ ಉಣುಗು, ಇಲಿಯಂಥ ಸಣ್ಣ ಪ್ರಾಣಿಗಳು, ಮಂಗಗಳು: ವೈರಸ್ ಸುತ್ತುವುದು ಇವುಗಳ ನಡುವೆ. ಮನುಷ್ಯರಿಗೆ ಅದು ಮುಖ್ಯವಾಗಿ ಉಣುಗು ಕಚ್ಚಿ ಬರುತ್ತದೆ. ಹಾಗೆಂದು ಹಕ್ಕಿಯಿಂದ ಯಾವ ರೋಗವೂ ಬರದು ಎಂದು ನಾವು ಹೇಳುತ್ತಿಲ್ಲ. ಹಕ್ಕಿಜ್ವರದ ಮಾತೇ ಬೇರೆ.

ಹಕ್ಕಿ ಪಾರಾದರೂ ಸಲೀಂ ಅಲಿಯವರು ಪಾರಾಗಲಿಲ್ಲ. ಯೋಜನೆಗೆ ಮುಂದೆ ಅಮೆರಿಕದ ಸೇನೆಯ ಸಂಶೋಧನಾ ಹಣವೂ ಬಂದಿತ್ತು. 1970ರ ದಶಕದಲ್ಲಿ, ಇದು ರೋಗಾಣು ಅಸ್ತ್ರದ ಪ್ರಯೋಗ ಎಂಬ ಆರೋಪ ಎದ್ದಿತು. ಹಣ ಎಲ್ಲಿಂದ ಬಂತೆಂದು ಕೇಳುವುದು ತಪ್ಪಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಪ್ರಶ್ನೆ ಬೇರೆ, ಪುರಾವೆ ಬೇರೆ. ಅವರು ಆರೋಪವನ್ನು ಅಲ್ಲಗಳೆದರು, ಉಂಗುರ ತೊಡಿಸುವುದನ್ನು ನಿಲ್ಲಿಸಲಿಲ್ಲ. 1987ರಲ್ಲಿ, ತೊಂಬತ್ತು ದಾಟಿದ ಮೇಲೆ, ತೀರಿಕೊಂಡರು.

ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಕಾಲಿನಲ್ಲಿ ಉಂಗುರವಿರುವ ಹಕ್ಕಿ ಕಂಡರೆ ದೂರದಿಂದಲೇ ಫೋಟೋ ತೆಗೆದು, ನಂಬರ್, ಜಾಗ, ದಿನಾಂಕವನ್ನು ಮುಂಬೈಯ ಆ ಸೊಸೈಟಿಗೆ ಕಳಿಸಿ.