ಪಂಡಿತಾ ರಮಾಬಾಯಿಯವರೂ ಮುಕ್ತಿ ಸದನದ ಸಭೆಯೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಒಬ್ಬ ಕ್ರೈಸ್ತ ಸ್ತ್ರೀಯ ಜೀವಚರಿತ್ರೆಯನ್ನು ಬರೆಯತಕ್ಕದ್ದೆಂದು ನಿಶ್ಚಯವಾದ ಮೇಲೆ, ಅದಕ್ಕಾಗಿ ಸಮುದ್ರದಾಚೆಯ ಸೀಮೆಗಳಲ್ಲಿ ಹುಡುಕುವ ಅಗತ್ಯವು ನಮಗೆ ತೋರಲಿಲ್ಲ. ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿಯೇ, 1858ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ, ಪಂಡಿತಾ ರಮಾಬಾಯಿಯವರು ಜನಿಸಿದರು. ಅವರ ಪಾಂಡಿತ್ಯವನ್ನೂ ವಿದೇಶ ಪ್ರವಾಸಗಳನ್ನೂ ಕೇಳಿ ಬಲ್ಲವರು ಅನೇಕರುಂಟು. ಆದರೆ ಒಂದು ಸಭೆಯ ಜನರು ಒಬ್ಬರಿಗೊಬ್ಬರು ಎಷ್ಟರ ಮಟ್ಟಿಗೆ ಹೊಣೆಗಾರರು ಎಂಬ ಪ್ರಶ್ನೆಗೆ ಅವರು ತಮ್ಮ ಕಡೆಯ ಇಪ್ಪತ್ತೈದು ವರುಷಗಳಲ್ಲಿ ಕೊಟ್ಟ ಉತ್ತರವು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಅದನ್ನೇ ಇಲ್ಲಿ ಮುಖ್ಯವಾಗಿ ಹೇಳಲು ಅಪೇಕ್ಷಿಸುತ್ತೇವೆ.

ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರು ದೇವಭಾಷೆಯನ್ನು ಕಲಿಯಕೂಡದೆಂಬ ನಂಬಿಕೆಯು ಗಟ್ಟಿಯಾಗಿದ್ದ ಆ ಕಾಲದಲ್ಲಿ ಅವರು ತಮ್ಮ ಎಳೆಯ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸತೊಡಗಿದರು. ಇದರ ನಿಮಿತ್ತವಾಗಿ ಉಡುಪಿಯ ಪಂಡಿತರ ಮುಂದೆ ನಿಂತು ಧರ್ಮಶಾಸ್ತ್ರದ ಆಧಾರಗಳನ್ನು ತೋರಿಸಬೇಕಾಯಿತು, ತೋರಿಸಿಯೂ ತೋರಿಸಿದರು. ಮನೆಯವರ ವಿರೋಧವನ್ನು ತಾಳಲಾರದೆ ಗಂಗಾಮೂಲದ ಅಡವಿಯಲ್ಲಿ ಆಶ್ರಮವನ್ನು ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಅತಿಥಿಗಳ ಸತ್ಕಾರದಲ್ಲಿ ಹಣವೆಲ್ಲ ಕರಗಿಹೋಗಲು, ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಆಗ ರಮಾಬಾಯಿಯವರು ಆರು ತಿಂಗಳ ಶಿಶು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವನ್ನಿಳಿಸಿದನಂತೆ. ಅಲ್ಲಿಂದ ಮುಂದೆ ಹಲವು ವರುಷಗಳ ತನಕ ಅವರಿಗೆ ಮನೆಯೆಂಬುದಿರಲಿಲ್ಲ. ದೇವಸ್ಥಾನದ ಪೌಳಿಯಲ್ಲಿಯೋ ಮರದಡಿಯಲ್ಲಿಯೋ ಪುರಾಣವನ್ನು ಓದುವುದು, ಕೇಳಿದವರು ಕೊಟ್ಟ ಅಕ್ಕಿ ಬೇಳೆಗಳಲ್ಲಿ ಜೀವಿಸುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು, ಇದೇ ಜೀವನ. ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಹನ್ನೆರಡು ವರುಷ ತುಂಬುವಷ್ಟರಲ್ಲಿ ಸುಮಾರು 18,000 ಶ್ಲೋಕಗಳು ಆ ಬಾಲಿಕೆಗೆ ಬಾಯಿಪಾಠವಾಗಿದ್ದುವೆಂದು ಹೇಳುತ್ತಾರೆ.

1874ರ ಸುಮಾರಿಗೆ ದಕ್ಷಿಣ ದೇಶದಲ್ಲಿ ಕ್ಷಾಮವುಂಟಾಯಿತು. ಪುರಾಣವನ್ನು ಕೇಳುವವರಿಗೇ ಅನ್ನವಿಲ್ಲದಿರುವಾಗ ಹೇಳುವವರಿಗೆ ಕೊಡುವವರು ಯಾರು? ಒಡವೆಗಳೂ ಪಾತ್ರೆಗಳೂ ಒಂದೊಂದಾಗಿ ಮಾರಾಟವಾದುವು. ಕೂಲಿನಾಲಿ ಮಾಡಲು ಕೈಗಳು ಅರಿಯವು. ಭಿಕ್ಷೆ ಬೇಡಲು ಕುಲವಿದ್ಯೆಗಳ ಅಭಿಮಾನವು ಬಿಡದು. ಕೆಲವು ತಿಂಗಳುಗಳೊಳಗಾಗಿ ತಂದೆಯೂ ತಾಯಿಯೂ ಹಿರಿಯ ಅಕ್ಕನೂ ತೀರಿಹೋದರು. ತಾಯಿಯ ಶವವನ್ನು ಹೊರುವುದಕ್ಕೆ ನಾಲ್ವರು ಸಿಕ್ಕಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಮುಂದೆ ಬಂದರು. ಅಣ್ಣ ಶ್ರೀನಿವಾಸನು ಮೂರನೆಯವನು. ನಾಲ್ಕನೆಯ ಮೂಲೆಗೆ ರಮಾಬಾಯಿಯೇ ನಿಂತರು. ಎತ್ತರವು ಸಾಲದ್ದರಿಂದ ಚಟ್ಟವನ್ನು ಹೆಗಲ ಮೇಲಲ್ಲ, ತಲೆಯ ಮೇಲೆ ಹೊರಬೇಕಾಯಿತು. ಹದಿನಾರರ ಪ್ರಾಯದ ಹುಡುಗಿಗೆ ಬಂದ ಈ ದಿನವನ್ನು ಓದುವವರು ಮರೆಯಬಾರದೆಂದು ಕೇಳಿಕೊಳ್ಳುತ್ತೇವೆ. ಮುಂದೆ ನಡೆದುದಕ್ಕೆಲ್ಲ ಇದು ಬೇರು.

ಅಣ್ಣತಂಗಿಯರಿಬ್ಬರೂ ಕಾಲುನಡಿಗೆಯಿಂದ ಉತ್ತರ ದೇಶವನ್ನೆಲ್ಲ ಸುತ್ತಿದರು. ಹೊದೆಯಲು ಬಟ್ಟೆಯಿಲ್ಲದೆ ಝೇಲಂ ನದಿಯ ದಡದಲ್ಲಿ ಗೋರಿಯಂಥ ಗುಳಿಗಳನ್ನು ತೋಡಿ, ತಲೆಯನ್ನು ಮಾತ್ರ ಹೊರಗಿಟ್ಟು, ಮೈಮೇಲೆ ಮರಳನ್ನೆಳೆದುಕೊಂಡು ಚಳಿಯ ರಾತ್ರಿಯನ್ನು ಕಳೆದುದುಂಟು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ರಮಾಬಾಯಿಯವರ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರೊಡನೆ ಜಾತಿಯ ಕಟ್ಟನ್ನು ಮೀರಿ ವಿವಾಹವಾಯಿತು. 1881ರಲ್ಲಿ ಮನೋರಮೆ ಹುಟ್ಟಿದಳು. 1882ರಲ್ಲಿ ಗಂಡನು ಕಾಲರಾ ರೋಗದಿಂದ ಮಡಿದನು. ಇಪ್ಪತ್ತಮೂರರ ವಿಧವೆಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ವಿದ್ಯಾ ಸಮಿತಿಯ ಮುಂದೆ ಸ್ತ್ರೀಯರಿಗೆ ಅಧ್ಯಾಪಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ನುಡಿದರು.

ವೈದ್ಯವನ್ನು ಕಲಿಯುವ ಆಶೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿಯು ಮಂದವಾಗಿದ್ದುದರಿಂದ ಆ ಆಶೆಯು ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಇಳಿದುಕೊಂಡಿದ್ದಾಗ, ಲಂಡನಿನ ಫುಲಂ ಎಂಬಲ್ಲಿ ಅವರು ನಡಿಸುತ್ತಿದ್ದ ಒಂದು ಮನೆಯನ್ನು ಕಾಣುವ ಸಂದರ್ಭವೊದಗಿತು. ದಾರಿ ತಪ್ಪಿದವರೆಂದು ಲೋಕವು ನೂಕಿಬಿಟ್ಟಿದ್ದ ಹೆಂಗಸರು ಅಲ್ಲಿದ್ದರು. ಕುಲೀನ ಮನೆತನಗಳ ಸಹೋದರಿಯರು ಅವರ ಸೇವೆಯನ್ನು ಮಾಡುತ್ತಿದ್ದರು. ಹಿಂದೆ ಹಾಗೆ ಬಿದ್ದು ಎದ್ದವರೇ ಈಗ ಬೇರೆಯವರನ್ನು ಎತ್ತುತ್ತಿದ್ದರು. ಶಾಸ್ತ್ರಗಳನ್ನೆಲ್ಲ ಓದಿದ್ದ ರಮಾಬಾಯಿಯವರು ಇಂಥದನ್ನು ಎಲ್ಲಿಯೂ ಕಂಡಿರಲಿಲ್ಲ. ಕಾರಣವನ್ನು ವಿಚಾರಿಸಲು, ಸಹೋದರಿಯೊಬ್ಬರು ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ವೃತ್ತಾಂತವನ್ನು ಓದಿ ತಿಳಿಸಿದರು. ತರ್ಕದಿಂದ ಸೋಲದಿದ್ದ ಪಂಡಿತೆಯು ಈ ಒಂದು ಮನೆಯ ನಡತೆಗೆ ಸೋತರೆಂದು ಹೇಳಬಹುದು. ಅದೇ ವರುಷ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ಬಳಿಕ ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಎಂಬ ಪ್ರಸಿದ್ಧ ಮುಖ್ಯೋಪಾಧ್ಯಾಯಿನಿಯ ಕೈಕೆಳಗೆ ತಾವೂ ಕಲಿಯುತ್ತ ಸಂಸ್ಕೃತವನ್ನು ಕಲಿಸುತ್ತ ಇದ್ದರು. ಮತವಿಷಯದಲ್ಲಿ ಹಿರಿಯರು ಹೇಳಿದುದನ್ನೆಲ್ಲ ಪ್ರಶ್ನಿಸದೆ ಒಪ್ಪುವ ಸ್ವಭಾವವು ಅವರಿಗಿರಲಿಲ್ಲ. ಈ ಕಾರಣದಿಂದ ಗುರುಗಳಿಗೂ ಅವರಿಗೂ ಮನಸ್ತಾಪಗಳಾದುದೂ ಸತ್ಯವೇ. ಅನಂತ ಶಾಸ್ತ್ರಿಗಳ ಮಗಳಿಂದ ಬೇರೆ ಏನನ್ನು ಅಪೇಕ್ಷಿಸಬಹುದಾಗಿತ್ತು?

1886ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವುದನ್ನು ನೋಡಲು ಅಮೇರಿಕಕ್ಕೆ ಹೋದವರು ಅಲ್ಲಿಯೇ ನಿಂತು, ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಪುಸ್ತಕವನ್ನು 1887ರಲ್ಲಿ ಪ್ರಕಟಿಸಿದರು. ಬಾಸ್ಟನ್ನಿನ ಸಜ್ಜನರು ಸಂಘವೊಂದನ್ನು ಕಟ್ಟಿ ಹತ್ತು ವರುಷಗಳ ಸಹಾಯವನ್ನು ವಾಗ್ದಾನ ಮಾಡಿದರು. 1889ರ ಮಾರ್ಚಿ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಲ್ಪಟ್ಟಿತು. ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದ ಗೋದುಬಾಯಿಯು ಅದರ ಮೊದಲ ವಿಧವಾ ವಿದ್ಯಾರ್ಥಿನಿ. ಮರುವರುಷ ಸದನವು ಪುಣೆಗೆ ಸ್ಥಳಾಂತರವಾಯಿತು.

ಶಾರದಾ ಸದನದಲ್ಲಿ ಮತಬೋಧೆ ಮಾಡಕೂಡದೆಂಬ ಕಟ್ಟಳೆಯಿತ್ತು. ಬ್ರಾಹ್ಮಣ ಹುಡುಗಿಯರ ಊಟ ಮಡಿಗಳಿಗೆ ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದಿತು. ಪತ್ರಿಕೆಗಳು ಕಟುವಾಗಿ ಬರೆದುವು. ರಾನಡೆ, ಭಾಂಡಾರ್ಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯನ್ನು ಬಿಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಮನೆಗೆ ಕರೆದೊಯ್ದರು. ಮಗಳನ್ನು ಒಂದು ಶಾಲೆಗೆ ಒಪ್ಪಿಸುವ ತಂದೆತಾಯಿಗಳಿಗೆ ಅಲ್ಲಿ ಏನು ನಡೆಯುತ್ತದೆಂದು ತಿಳಿಯುವ ಹಕ್ಕಿದೆ. ಅವರ ಭಯವನ್ನು ನಾವು ಹಳಿಯಲಾರೆವು. ರಮಾಬಾಯಿಯವರು ಬಾಗಿಲನ್ನು ತೆರೆದೇ ಇಟ್ಟುದನ್ನೂ ನಾವು ಹಳಿಯಲಾರೆವು. ಗುಟ್ಟಾಗಿ ನಡೆಯದಂಥ ಕೆಲಸವಾದ್ದರಿಂದಲೇ ಅಷ್ಟು ನಷ್ಟವಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. 1896ರಲ್ಲಿ ಮಧ್ಯ ಪ್ರಾಂತಗಳಲ್ಲಿ ಘೋರವಾದ ಕ್ಷಾಮವು ತಲೆದೋರಿತು. ಸುದ್ದಿಯನ್ನು ಕೇಳಿದೊಡನೆ ರಮಾಬಾಯಿಯವರು ತಾವೇ ಹೊರಟರು. ಬಡವರಿಗಾಗಿ ಹಾಕಿದ್ದ ಶಿಬಿರಗಳಲ್ಲಿ ಅವರು ಕಂಡದ್ದು ಹಸಿವನ್ನು ಮಾತ್ರವಲ್ಲ. ದಿಕ್ಕಿಲ್ಲದ ಹುಡುಗಿಯರನ್ನು ಹಿಡಿದೊಯ್ಯಲು ಕಾದಿದ್ದ ದುಷ್ಟರನ್ನೂ ಕಂಡರು. ನೂರಾರು ಬಾಲಿಕೆಯರನ್ನು ಪುಣೆಗೆ ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು. ಹೆಚ್ಚು ಜನರನ್ನು ಒಂದೆಡೆ ಇಡುವುದಕ್ಕೆ ಅಧಿಕಾರಿಗಳ ಅಪ್ಪಣೆಯಿಲ್ಲ. ತಮ್ಮ ಆಶ್ರಯದಿಂದ ಪ್ಲೇಗು ಶಿಬಿರಕ್ಕೆ ಒಯ್ಯಲ್ಪಟ್ಟ ಹುಡುಗಿಯೊಬ್ಬಳು ಮರಳಿ ಬಾರದೆ ಹೋದಾಗ, ರಮಾಬಾಯಿಯವರು 1897ರಲ್ಲಿ ಬಾಂಬೆ ಗಾರ್ಡಿಯನ್ ಪತ್ರಿಕೆಯಲ್ಲಿ ಬಹಿರಂಗವಾಗಿ ದೂರಿದರು. ಆ ವಿಷಯವು ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೂ ಹೋಯಿತು. ಸರಕಾರವು ದೂರನ್ನು ಅಲ್ಲಗಳೆಯಿತು. ಒಬ್ಬ ಅನಾಥೆಗಾಗಿ ಸರಕಾರದೊಡನೆ ಹೋರಾಡಿದ್ದು ವಿವೇಕವಲ್ಲವೆಂದು ಎಣಿಸಿದ ಸ್ನೇಹಿತರೂ ಇದ್ದಿರಬಹುದು.

ಪುಣೆಯಿಂದ ಸುಮಾರು 35 ಮೈಲಿ ದೂರದ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕಾಗಿ ಕೊಂಡಿದ್ದ ಭೂಮಿಯಿತ್ತು. ಅಲ್ಲಿಗೆ ಆ ಮಕ್ಕಳನ್ನು ಸಾಗಿಸಿದರು. ಹೀಗೆ ಮುಕ್ತಿ ಸದನವು ಆರಂಭವಾಯಿತು. ಬಂದ ಮಕ್ಕಳ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಮೈಯೆಲ್ಲ ಹುಣ್ಣು, ತಲೆಯಲ್ಲಿ ಹೇನು, ನೀರೆಂದರೆ ಹೆದರಿಕೆ, ತಟ್ಟೆಯಲ್ಲಿ ಅನ್ನವಿದ್ದರೂ ನಾಳೆ ಸಿಕ್ಕಲಾರದೆಂದು ಬಚ್ಚಿಡುವ ಚಾಳಿ. ಸಂಬಳದ ದಾದಿಯರನ್ನಿಟ್ಟು ನೋಡಿಕೊಳ್ಳಲು ಹಣವೆಲ್ಲಿದೆ? ರಮಾಬಾಯಿಯವರು ಶಾರದಾ ಸದನದಲ್ಲಿ ಓದಿದ ಯುವತಿಯರನ್ನು ಕರೆದು, ಒಬ್ಬೊಬ್ಬರಿಗೂ ಕೆಲವು ಮಕ್ಕಳನ್ನು ಒಪ್ಪಿಸಿದರು. ಆ ಯುವತಿಯರಲ್ಲಿ ಹಲವರು ಮಡಿ ಮೈಲಿಗೆಗಳ ನಡುವೆ ಬೆಳೆದ ಬ್ರಾಹ್ಮಣ ವಿಧವೆಯರು. ಮಕ್ಕಳಾದರೋ ನಾನಾ ಜಾತಿಗಳವರು. ಅವರ ಹುಣ್ಣುಗಳನ್ನು ತೊಳೆಯುವುದು, ತಲೆ ಬಾಚುವುದು, ರಾತ್ರಿ ಅತ್ತರೆ ಏಳುವುದು, ಬೆಳಿಗ್ಗೆ ಅಕ್ಷರ ಕಲಿಸುವುದು ಇವೆಲ್ಲವೂ ಅದೇ ಕೈಗಳಿಂದ ಆಗಬೇಕಾಯಿತು. ಕ್ರೈಸ್ತರಾಗಿ ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕಿಂತ ಇದು ಕಠಿನವೆಂದು ನಮ್ಮ ಅಭಿಪ್ರಾಯ. ಪಂಕ್ತಿಯಿಂದ ಅರ್ಧ ಗಳಿಗೆಯಲ್ಲಿ ಏಳಬಹುದು. ಒಪ್ಪಿಸಿಕೊಂಡ ಮಗುವಿನಿಂದ ಏಳುವಂತಿಲ್ಲ.

ಹೆತ್ತವರಿಗೆ ದುಡಿಯಲು ಬಾರದೆ ಸಾವು ಬಂದುದನ್ನು ಕಣ್ಣಾರೆ ಕಂಡಿದ್ದವರಾದ್ದರಿಂದ, ಮುಕ್ತಿಯಲ್ಲಿ ಓದು ಮಾತ್ರ ಕಲಿತು ಹೊರಡುವುದಕ್ಕೆ ಅವರು ಯಾರಿಗೂ ಬಿಡಲಿಲ್ಲ. ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಹೈನು, ಹೊಲದ ಕೆಲಸ, ಅಗಸಗಿತ್ತಿಯ ಕೆಲಸ, ಅಚ್ಚುಕೂಟ ಇವುಗಳಲ್ಲಿ ಒಂದಾದರೂ ಕೈಗೆ ಬರಬೇಕಾಗಿತ್ತು. ಒಬ್ಬಳು ಬೀಸಿದ ಹಿಟ್ಟು ಇನ್ನೊಬ್ಬಳ ರೊಟ್ಟಿ. ಅವಳು ನೇಯ್ದ ಸೀರೆ ಇವಳ ಮೈಮೇಲೆ. ಕುರುಡಿಯರಿಗೆ ಬ್ರೈಲ್ ಲಿಪಿಯನ್ನು ಕಲಿಸಿದವರು 1898ರಲ್ಲಿ ಸಹಾಯಕ್ಕೆ ಬಂದ ಮಿನ್ನಿ ಏಬ್ರಮ್ಸ್ ಎಂಬ ಅಮೇರಿಕದ ಮಿಶನೆರಿ. ಮೊದಲು ಕಲಿತವರು ಉಳಿದವರಿಗೆ ಕಲಿಸಿದರು. ಶಿಬಿರಗಳಲ್ಲಿ ಕೆಟ್ಟವರ ಕೈಗೆ ಸಿಕ್ಕಿ ಬಂದ ಯುವತಿಯರಿಗಾಗಿ ಕೃಪಾ ಸದನವೆಂಬ ಮನೆಯಾಯಿತು. ಫುಲಂನಲ್ಲಿ ಕಂಡುದನ್ನು ರಮಾಬಾಯಿಯವರು ಹದಿನೈದು ವರುಷಗಳ ಮೇಲೆ ಕೇಡಗಾಂವದ ಬಯಲಿನಲ್ಲಿ ಕಟ್ಟಿದರು. ನಮ್ಮ ಸಭೆಗಳಲ್ಲಿ ಬಡವರಿಗಾಗಿ ಕಾಣಿಕೆಯೆತ್ತುವುದು ಸುಲಭ; ಇಂಥವಳೊಬ್ಬಳು ಬಂದು ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕುಳಿತರೆ ಸ್ವಲ್ಪ ಸರಿಯದಿರುವುದು ಎಷ್ಟು ಮಂದಿಯಿಂದಾದೀತು?

ಬಾಸ್ಟನ್ ಸಂಘದ ಹತ್ತು ವರುಷಗಳ ಅವಧಿಯು 1898ಕ್ಕೆ ತೀರಿತು. ಎರಡು ವರುಷಗಳೊಳಗೆ ಗುಜರಾತಿನಲ್ಲಿ ಕ್ಷಾಮವು ಬಂತು. ಈ ಸಾರಿ ಮುಕ್ತಿಯ ಹೆಂಗಸರೇ ಗುಜರಾತಿಗೆ ಹೋಗಿ ದಾರಿಯಲ್ಲಿ ಬಿದ್ದಿದ್ದವರನ್ನು ಕರೆತಂದರು. ಮೂರು ವರುಷಗಳ ಹಿಂದೆ ಎಲುಬಿನ ಗೂಡಾಗಿ ಬಂದಿದ್ದ ಹುಡುಗಿಯರು ಈಗ ಬಂದವರ ತಲೆ ತೊಳೆಯಲು ನಿಂತರು. ಇವರಿಗೆ ಹಸಿವಿನ ವಿಷಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅನ್ನವನ್ನು ಬಚ್ಚಿಡುವ ಮಗುವನ್ನು ಗದರಿಸಬಾರದೆಂದೂ ಅವರು ಬಲ್ಲರು. 1900ರ ವೇಳೆಗೆ ಮುಕ್ತಿಯಲ್ಲಿ 1,500ರಷ್ಟು ಜನರಿದ್ದರು. 1905ರಲ್ಲಿ ಅಲ್ಲಿ ನಡೆದ ಆತ್ಮಿಕ ಉಜ್ಜೀವನವನ್ನು ಕುರಿತು ಬಹಳ ಬರೆಯಲ್ಪಟ್ಟಿದೆ. ಅದನ್ನು ತೂಗುವುದು ನಮ್ಮ ಕೆಲಸವಲ್ಲ. ಪ್ರಾರ್ಥನೆಗಾಗಿ ಕೂಡಿದ ಗುಂಪುಗಳು ಸುತ್ತಲಿನ ಹಳ್ಳಿಗಳಿಗೂ ಹೊರಟುವೆಂಬುದನ್ನು ಮಾತ್ರ ಹೇಳುತ್ತೇವೆ.

ಮಗಳಾದ ಮನೋರಮಾಬಾಯಿಯವರು ಅಮೇರಿಕದಲ್ಲಿಯೂ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿಯೂ ಕಲಿತು, ಶಾರದಾ ಸದನದ ಮುಖ್ಯಸ್ಥೆಯಾಗಿ ತಾಯಿಗೆ ಬಲಗೈಯಾದರು. 1912ರ ಸುಮಾರಿನಲ್ಲಿ, ಅಂದು ನಿಜಾಮರ ಸೀಮೆಗೆ ಸೇರಿದ್ದ ಕಲಬುರ್ಗಿಯಲ್ಲಿ ತಾಯಿಯ ಸಹಾಯದಿಂದ ಒಂದು ಕ್ರೈಸ್ತ ಹೈಸ್ಕೂಲನ್ನು ಸ್ಥಾಪಿಸಿದರು. ಹೀಗೆ ಬೆತ್ತದ ಪೆಟ್ಟಿಗೆಯಲ್ಲಿ ಕನ್ನಡ ನಾಡನ್ನು ಬಿಟ್ಟವರ ಮನೆತನದ ವಿದ್ಯೆಯು ಅರ್ಧ ಶತಮಾನದ ಮೇಲೆ ಕನ್ನಡ ನಾಡಿಗೆ ಮರಳಿತು. ಆದರೆ 1921ರ ಜುಲೈ ತಿಂಗಳಲ್ಲಿ, ತಾಯಿಯು ಜೀವಿಸಿರುವಾಗಲೇ, ಮನೋರಮಾಬಾಯಿಯವರು ನಲ್ವತ್ತರ ಪ್ರಾಯದಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಇವರೆಲ್ಲರ ಮರಣವನ್ನು ಕಂಡಿದ್ದ ರಮಾಬಾಯಿಯವರಿಗೆ ಇದೂ ಕಾಣಬೇಕಾಯಿತು.

ಅವರ ಕೈಯಲ್ಲಿ ಆಗ ಇನ್ನೊಂದು ಕೆಲಸವಿತ್ತು. ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಸುಲಭವಾದ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಹಲವು ವರುಷಗಳಿಂದ ತರ್ಜುಮೆ ಮಾಡುತ್ತಿದ್ದರು. ಆ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ಕರ್ತನಲ್ಲಿ ನಿದ್ರೆ ಹೋದರು. ಸತ್ಯವೇದವು ಸಂಪೂರ್ಣವಾಗಿ ಅಚ್ಚಾಗಿ ಹೊರಬಂದದ್ದು 1924ರಲ್ಲಿ. ಅದರ ಮೊಳೆಗಳನ್ನು ಜೋಡಿಸಿ, ಅಚ್ಚು ಹಾಕಿ, ಹೊಲಿದು ಕಟ್ಟಿದವರು ಮುಕ್ತಿಯ ಹೆಂಗಸರೇ.