ರಹಸ್ಯಕ್ಕೆ ದೀಪ ಹಿಡಿದ ಶಂಕರ್ ನಾಗ್

ಹರಪನಹಳ್ಳಿಯಿಂದ ದಾವಣಗೆರೆಗೆ ಬಂದು ಬೆಂಗಳೂರಿನ ಹೆದ್ದಾರಿ ಹಿಡಿಯುವವರಿಗೆ ಆನಗೋಡು ಹೊಸ ಹೆಸರಲ್ಲ. 1990ರ ಸೆಪ್ಟೆಂಬರ್ 30ರವರೆಗೆ ಅದು ಹೆದ್ದಾರಿ ಬದಿಯ ಎಷ್ಟೋ ಊರುಗಳಲ್ಲಿ ಒಂದಾಗಿತ್ತು. ಅಂದು ಅಲ್ಲಿ ಕಾರೊಂದು ಲಾರಿಗೆ ಡಿಕ್ಕಿ ಹೊಡೆಯಿತು. ಕನ್ನಡ ಚಿತ್ರರಂಗದ ನಟ, ನಿರ್ದೇಶಕ, ರಂಗಕರ್ಮಿ ಶಂಕರ್ ನಾಗ್ ಅಸುನೀಗಿದರು. ಅವರಿಗೆ ಆಗ 35 ವರ್ಷ. ಜೊತೆಯಲ್ಲಿದ್ದ ಪತ್ನಿ ಅರುಂಧತಿ ನಾಗ್ ಮತ್ತು ಪುಟ್ಟ ಮಗಳು ಗಾಯಗೊಂಡು ಬದುಕುಳಿದರು. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕಾಗಿ ಅವರು ಅಂದಿನ ವಿಜಾಪುರ ಜಿಲ್ಲೆಯ ಲೋಕಾಪುರದತ್ತ ಹೊರಟಿದ್ದರು. ಜೋಕುಮಾರ ಎಂದರೆ ಈ ಸೀಮೆಯ ಹಳ್ಳಿಗರಿಗೆ ಚಿರಪರಿಚಿತ ದೈವ. ಭಾದ್ರಪದದಲ್ಲಿ ಹುಟ್ಟಿ, ಮನೆಮನೆಗೆ ಮಳೆ-ಬೆಳೆಯ ಹಾರೈಕೆ ಹೊತ್ತು ಬಂದು, ಏಳೇ ದಿನಗಳಲ್ಲಿ ಮರೆಯಾಗುವವನು. ಅಲ್ಪಾಯುಷಿ ದೈವದ ಕಥೆಯನ್ನು ಅರಸಿ ಹೊರಟ ಕಲಾವಿದನೂ ಅಲ್ಪಾಯುಷಿಯಾದದ್ದು ವಿಧಿಯ ವಿಪರ್ಯಾಸ.

ಆಟೋ ರಾಜ, ಕರಾಟೆ ಕಿಂಗ್ ಎಂಬ ಬಿರುದುಗಳಲ್ಲೇ ಶಂಕರ್ ನಾಗ್ ಅವರನ್ನು ನೆನೆಯುವುದು ರೂಢಿ. ಆದರೆ ಕುತೂಹಲ, ಅಪರಾಧ, ತನಿಖೆ ಎಂಬ ಮೂರು ಎಳೆಗಳನ್ನು ಹಿಡಿದು ಕನ್ನಡದ ಬೆಳ್ಳಿತೆರೆಯಲ್ಲಿ ಅವರು ನಡೆಸಿದ ಪ್ರಯೋಗ, ಕಿರುತೆರೆಗೆ ಅವರು ಹಾಕಿಕೊಟ್ಟ ಮೇಲ್ಪಂಕ್ತಿ ಇವೆರಡೂ ಆ ಬಿರುದುಗಳ ನೆರಳಿನಲ್ಲಿ ಮಸುಕಾಗಿವೆ.

ಹೊನ್ನಾವರದಿಂದ ಮುಂಬಯಿಗೆ

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಅಣ್ಣ ಅನಂತ್ ನಾಗ್ ಅವರಿಗಿಂತ ಆರು ವರ್ಷ ಕಿರಿಯ. ಅಣ್ಣನಂತೆ ತಮ್ಮನೂ ಮುಂಬಯಿ ಸೇರಿದರು. ಬ್ಯಾಂಕಿನ ನೌಕರಿ ಹೊಟ್ಟೆಪಾಡಿಗಾದರೆ ಮರಾಠಿ ರಂಗಭೂಮಿ ಮನಸ್ಸಿನ ಹಸಿವಿಗಾಯಿತು. ನಟನೆಯ ಜೊತೆಗೆ ಬರವಣಿಗೆ, ನಿರ್ದೇಶನ, ರಂಗಸಜ್ಜಿಕೆಯ ಕಸುಬನ್ನೂ ಅಲ್ಲಿಯೇ ಕಲಿತರು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದದ್ದೂ ನಾಟಕದ ನಂಟಿನಿಂದಲೇ. ಪ್ಲೇಗ್ ಕಾಲದ ಪುಣೆಯಲ್ಲಿ ಚಾಪೇಕರ್ ಸೋದರರು ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನ ಮೇಲೆ ನಡೆಸಿದ ದಾಳಿಯನ್ನು ಕುರಿತ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಶಂಕರ್ ನಾಗ್ ಕೈಜೋಡಿಸಿದ್ದರು. ಒಂದು ಅಪರಾಧದ ಹಿಂದಿರುವ ಕಾರಣವನ್ನು ಕೆದಕುವ ಅವರ ಹವ್ಯಾಸಕ್ಕೆ ಇದನ್ನೇ ಮೊದಲ ಗುರುತೆನ್ನಬಹುದು.

ಕನ್ನಡಕ್ಕೆ ಅವರನ್ನು ಕರೆತಂದವರು ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರ್ ನಾಗ್ ಕೂಲಿಗೆ ಕತ್ತಿ ಹಿಡಿಯುವ ಯೋಧ ಗಂಡುಗಲಿಯಾದರು. ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವವಿದ್ದ ಈ ಕೃತಿ ಹೊಸ ನಟನಿಗೆ 1979ರ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯನ್ನು ದೊರಕಿಸಿತು. ಮೊದಲ ಚಿತ್ರಕ್ಕೇ ಇಂಥ ಮನ್ನಣೆ ಪಡೆದವರು ವಿರಳ. ಅದರ ಬೆನ್ನಿಗೇ 'ಸೀತಾರಾಮು', 'ಆಟೋ ರಾಜ' ಬಂದವು. ಪ್ರಶಸ್ತಿಯ ನಟ ಜನಸಾಮಾನ್ಯರ ನಾಯಕನೂ ಆದರು.

ಕಳ್ಳರ ಕಥೆ, ಕಾನೂನಿನ ಕಥೆ

1980ರಲ್ಲಿ ತೆರೆಕಂಡ 'ಮಿಂಚಿನ ಓಟ' ಶಂಕರ್ ನಾಗ್ ನಿರ್ದೇಶನದ ಮೊದಲ ಚಿತ್ರ. ಕಾರು ಕದಿಯುವ ಮೂವರು, ಅವರ ಬಂಧನ, ಸೆರೆಮನೆಯಿಂದ ಪಾರಾಗುವ ಹವಣಿಕೆ, ಇಷ್ಟೇ ಹೂರಣ. ಅನಂತ್ ನಾಗ್, ಶಂಕರ್ ನಾಗ್ ಹಾಗೂ ಲೋಕನಾಥ್ ಕಳ್ಳರಾದರು. ಆ ಕಾಲದ ಕನ್ನಡ ಚಿತ್ರಗಳಲ್ಲಿ ಕಳ್ಳನೆಂದರೆ ಒಂದೋ ಖಳ, ಇಲ್ಲವೇ ವೇಷ ಮರೆಸಿದ ಸಜ್ಜನ. ಇಲ್ಲಿ ಅವರು ದಿನದ ಕೂಳಿಗೂ ನಾಳೆಯ ಕನಸಿಗೂ ನಡುವೆ ಸಿಲುಕಿದ ಮನುಷ್ಯರು. ತಪ್ಪಿಸಿಕೊಳ್ಳುವರೇ ಎಂಬ ಕುತೂಹಲದ ಜೊತೆಗೇ, ತಪ್ಪಿಸಿಕೊಂಡರೆ ಎಲ್ಲಿಗೆ ಹೋಗುವರು ಎಂಬ ಕಳವಳವೂ ಪ್ರೇಕ್ಷಕನನ್ನು ಕಾಡುತ್ತದೆ. ಹೊಡೆದಾಟಕ್ಕಿಂತ ಕಾಯುವಿಕೆಯಲ್ಲಿ ಹೆಚ್ಚು ಉದ್ವೇಗವಿದೆ ಎಂಬ ಗುಟ್ಟನ್ನು ಹೊಸ ನಿರ್ದೇಶಕ ಮೊದಲ ಯತ್ನದಲ್ಲೇ ಅರಿತಿದ್ದರು. ಚಿತ್ರಕ್ಕೆ ರಾಜ್ಯ ಪ್ರಶಸ್ತಿಯ ಗೌರವ ಸಂದಿತು. ಅದೇ ವರ್ಷ ಪುನರ್ಜನ್ಮದ ನಿಗೂಢತೆಯನ್ನು ಎತ್ತಿಕೊಂಡ 'ಜನ್ಮ ಜನ್ಮದ ಅನುಬಂಧ', ಮರುವರ್ಷ ಪ್ರೇಮಕಥೆ 'ಗೀತಾ' ಬಂದವು. ಇಳಯರಾಜ ಸಂಗೀತ ಈ ಎರಡಕ್ಕೂ ಮೆರುಗು ನೀಡಿತು.

ಈ ದಾರಿಯ ಶಿಖರ 'ಆಕ್ಸಿಡೆಂಟ್'. ಮತ್ತಿನಲ್ಲಿ ತೇಲುತ್ತ ಇರುಳಿನಲ್ಲಿ ಕಾರು ಓಡಿಸುವ ಇಬ್ಬರು ಸಿರಿವಂತ ತರುಣರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡ ಕೂಲಿಗಳ ಮೇಲೆ ಅದನ್ನು ಹರಿಸುತ್ತಾರೆ. ಒಬ್ಬನ ತಂದೆ ಪ್ರಭಾವಿ ರಾಜಕಾರಣಿ. ಸಾಕ್ಷ್ಯಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಸತ್ಯದ ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್ ನಾಗ್, ಮಗನನ್ನು ಉಳಿಸಲು ಹೊರಟ ರಾಜಕಾರಣಿ ಧರ್ಮಾಧಿಕಾರಿಯಾಗಿ ಅನಂತ್ ನಾಗ್, ಸಾವಿನ ದವಡೆಯಿಂದ ಪಾರಾದ ಬಡವನಾಗಿ ರಮೇಶ್ ಭಟ್ ಅಭಿನಯಿಸಿದರು. ಪತ್ತೇದಾರಿ ಕಥೆಗಳ ಸಾಮಾನ್ಯ ಕಟ್ಟಳೆ ಇಲ್ಲಿ ತಲೆಕೆಳಗಾಗಿದೆ. ತಪ್ಪಿತಸ್ಥ ಯಾರೆಂಬುದು ಪ್ರೇಕ್ಷಕನಿಗೆ ಆರಂಭದಲ್ಲೇ ಗೊತ್ತು. ಗೊತ್ತಿದ್ದೂ ಶಿಕ್ಷೆಯಾಗುವುದೇ ಎಂಬುದಷ್ಟೇ ಉಳಿದ ಒಗಟು. ಆದ್ದರಿಂದ ಚಿತ್ರ ಮುಗಿದ ಮೇಲೂ ಒಗಟು ಬಿಡುವುದಿಲ್ಲ. ಅದು ಚಿತ್ರಮಂದಿರದ ಹೊರಗಿನ ಬೀದಿಗೆ ಪ್ರೇಕ್ಷಕನೊಡನೆ ನಡೆದು ಬರುತ್ತದೆ. ಇತರ ಸಾಮಾಜಿಕ ಸಮಸ್ಯೆಗಳನ್ನು ಕುರಿತ ಅತ್ಯುತ್ತಮ ಚಿತ್ರವೆಂದು 1984ನೇ ಸಾಲಿನ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರೆಯಿತು. ರಸ್ತೆ ಅಪಘಾತದಲ್ಲಿ ಮಡಿದವರ ಪರವಾಗಿ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ದನಿ ಎತ್ತಿದ ನಿರ್ದೇಶಕ, ಕೆಲವೇ ವರ್ಷಗಳಲ್ಲಿ ರಸ್ತೆಯಲ್ಲೇ ಕೊನೆಯುಸಿರೆಳೆದದ್ದು ನೆನೆದಷ್ಟೂ ನೋವಿನ ಸಂಗತಿ.

ಆಗುಂಬೆಯಲ್ಲಿ ಮಾಲ್ಗುಡಿ

1980ರ ದಶಕದ ನಡುವೆ ಭಾರತದ ಮನೆಗಳಿಗೆ ದೂರದರ್ಶನ ಲಗ್ಗೆಯಿಟ್ಟಿತ್ತು. 1984ರಲ್ಲಿ 'ಹಮ್ ಲೋಗ್' ಪ್ರಸಾರವಾದ ಮೇಲೆ ಧಾರಾವಾಹಿಗಳ ಯುಗವೇ ಆರಂಭವಾಯಿತು. 1985ರಲ್ಲಿ 'ಕರಮ್‌ಚಂದ್' ಮೂಲಕ ಪತ್ತೇದಾರನೂ ಕಿರುತೆರೆಗೆ ಬಂದ. ದೊಡ್ಡ ತೆರೆಯ ಬೇಡಿಕೆಯ ನಟನೊಬ್ಬ ಆ ಪುಟ್ಟ ಪೆಟ್ಟಿಗೆಯತ್ತ ಹೊರಳುವುದು ಅಂದಿಗೆ ಜಾಣತನವೆನಿಸುತ್ತಿರಲಿಲ್ಲ. ಶಂಕರ್ ನಾಗ್ ಹೊರಳಿದರು. ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರೊಡನೆ ಸೇರಿ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು 'ಮಾಲ್ಗುಡಿ ಡೇಸ್' ಹೆಸರಿನಲ್ಲಿ ತೆರೆಗೆ ತಂದರು. 1986ರಿಂದ ಪ್ರಸಾರವಾದ ಈ ಸರಣಿ ಇಡೀ ದೇಶವನ್ನೇ ಮರುಳುಮಾಡಿತು.

ಕಲ್ಪನೆಯ ಮಾಲ್ಗುಡಿ ಮಲೆನಾಡಿನ ಆಗುಂಬೆಯಲ್ಲಿ ಮೈದಳೆಯಿತು. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರೆ, ಗಿರೀಶ್ ಕಾರ್ನಾಡ್ ತಂದೆಯಾಗಿ, ವೈಶಾಲಿ ಕಾಸರವಳ್ಳಿ ತಾಯಿಯಾಗಿ ನಟಿಸಿದರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಇಂದಿಗೂ ಕಿವಿಯಲ್ಲಿ ಗುನುಗುವ ಶೀರ್ಷಿಕೆ ಸಂಗೀತ ಎಲ್. ವೈದ್ಯನಾಥನ್ ಅವರದು; ರೇಖಾಚಿತ್ರಗಳು ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಕನ್ನಡ ರಂಗಭೂಮಿಯ ನಟನಟಿಯರೇ ಪಾತ್ರವರ್ಗದ ಬೆನ್ನೆಲುಬು. ಹಿಂದಿಯಲ್ಲಿ ಮಾತನಾಡಿದರೂ ಆ ಊರಿನ ಜಗಲಿ, ಮಳೆ, ಮುಖಗಳೆಲ್ಲ ಕನ್ನಡದವು. ಬಹುದೊಡ್ಡ ಘಟನೆಯೇನೂ ನಡೆಯದ ಕಥೆಗಳಲ್ಲೂ ಮುಂದೇನು ಎಂಬ ಕುತೂಹಲವನ್ನು ನಿರ್ದೇಶಕರು ಕೊನೆಯವರೆಗೆ ಕಾಯ್ದರು. ಪರೀಕ್ಷೆಗೆ ಹೆದರಿದ ಹುಡುಗನ ಎದೆಬಡಿತವೂ ಸೆರೆಮನೆಯ ಗೋಡೆ ಹಾರುವ ಕಳ್ಳನ ಎದೆಬಡಿತವೂ ಅವರ ಪಾಲಿಗೆ ಬೇರೆಯಾಗಿರಲಿಲ್ಲ. ಈ ಸರಣಿಯನ್ನು 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಮುಂದುವರಿಸಲಾಯಿತು.

ಲಂಡನ್ನಿನ ರಂಗದಿಂದ ಕನ್ನಡದ 'ತರ್ಕ'

ಕಥೆಯೊಂದು ದೇಶ ದಾಟಿ ಬರುವ ಬಗೆಗೆ 1989ರ 'ತರ್ಕ' ಒಳ್ಳೆಯ ನಿದರ್ಶನ. ಅಗಾಥಾ ಕ್ರಿಸ್ಟಿ ಅವರ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' ನಾಟಕ ಲಂಡನ್ನಿನಲ್ಲಿ ರಂಗವೇರಿದ್ದು 1958ರಲ್ಲಿ. ಮಂಜು ಕವಿದ ರಾತ್ರಿ ಕಾರು ಹಳ್ಳಕ್ಕಿಳಿದು ಸಿಲುಕಿ ಅಪರಿಚಿತನೊಬ್ಬ ಒಂಟಿ ಮನೆಯೊಳಗೆ ಬರುತ್ತಾನೆ. ಅಲ್ಲಿ ಗುಂಡೇಟಿನಿಂದ ಸತ್ತ ಯಜಮಾನ, ಕೈಯಲ್ಲಿ ಪಿಸ್ತೂಲು ಹಿಡಿದ ಪತ್ನಿ. ಈ ಎಳೆ 1973ರಲ್ಲಿ ಬಿ.ಆರ್. ಚೋಪ್ರಾ ಅವರ ಹಿಂದಿ ಚಿತ್ರ 'ಧುಂದ್' ಆಯಿತು. ಅಲ್ಲಿಂದ ಸುನೀಲ್ ಕುಮಾರ್ ದೇಸಾಯಿ ಅವರ ಚೊಚ್ಚಲ ಚಿತ್ರ 'ತರ್ಕ'ಕ್ಕೆ ಹರಿದು ಬಂತು. ಮರುವರ್ಷವೇ 'ಪುರಿಯಾದ ಪುದಿರ್' ಆಗಿ ತಮಿಳಿಗೂ ಸಂದಿತು. ಕ್ರಿಸ್ಟಿ ಅವರ ಪತ್ತೇದಾರ ಪ್ವಾರೋ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಡೇವಿಡ್ ಸುಚೆ ರೂಪದಲ್ಲಿ ಮನೆಮನೆ ಪ್ರವೇಶಿಸಿದ್ದು ಕೂಡ ಅದೇ 1989ರಲ್ಲಿ. ಒಬ್ಬಳೇ ಲೇಖಕಿಯ ಕಲ್ಪನೆ ಅಲ್ಲಿ ಕಿರುತೆರೆಯನ್ನೂ ಇಲ್ಲಿ ಬೆಳ್ಳಿತೆರೆಯನ್ನೂ ಏಕಕಾಲಕ್ಕೆ ಆಳಿತು.

'ತರ್ಕ'ದಲ್ಲಿ ಶಂಕರ್ ನಾಗ್ ನಿರ್ದೇಶಕರಲ್ಲ, ನಟ ಮಾತ್ರ. ಆದರೆ ಹೆಸರಿಲ್ಲದ ಹೊಸ ನಿರ್ದೇಶಕನ ಮೇಲೆ ಬೇಡಿಕೆಯ ನಾಯಕ ನಟ ವಿಶ್ವಾಸವಿಟ್ಟದ್ದೇ ದೊಡ್ಡ ಮಾತು. ಆ ವಿಶ್ವಾಸ ಫಲಿಸಿತು. ದೇಸಾಯಿ ಮುಂದೆ 'ನಿಷ್ಕರ್ಷ', 'ಬೆಳದಿಂಗಳ ಬಾಲೆ'ಯಂಥ ಚಿತ್ರಗಳ ಮೂಲಕ ಕನ್ನಡದಲ್ಲಿ ಕುತೂಹಲ ಪ್ರಧಾನ ಚಿತ್ರಗಳಿಗೆ ಸ್ವಂತ ನೆಲೆ ಕಲ್ಪಿಸಿದರು. ಇತ್ತ 'ಎಸ್.ಪಿ. ಸಾಂಗ್ಲಿಯಾನ', 'ಸಿಬಿಐ ಶಂಕರ್' ಚಿತ್ರಗಳು ಶಂಕರ್ ನಾಗ್ ಅವರನ್ನು ತನಿಖಾಧಿಕಾರಿಯ ರೂಪದಲ್ಲಿ ಹಳ್ಳಿಹಳ್ಳಿಯ ಟೆಂಟುಗಳವರೆಗೆ ಕೊಂಡೊಯ್ದವು.

ಗಳಿಕೆಯೆಲ್ಲ ಕನಸಿಗೆ

ಹನ್ನೆರಡು ವರ್ಷಗಳಲ್ಲಿ ಸುಮಾರು 80 ಚಿತ್ರಗಳು. ಅವುಗಳಲ್ಲಿ ಎಲ್ಲವೂ ಉತ್ತಮವೆಂದು ಅಭಿಮಾನಿಗಳೂ ಹೇಳಲಾರರು. ಸಿದ್ಧಸೂತ್ರದ ಹೊಡೆದಾಟಗಳಲ್ಲಿ ಅವರ ಪ್ರತಿಭೆ ಸವೆದುಹೋಯಿತೆಂಬ ಆಕ್ಷೇಪವೂ ಉಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಜನಪ್ರಿಯ ಚಿತ್ರಗಳ ಗಳಿಕೆ ಹೋದ ದಾರಿಯನ್ನೂ ಗಮನಿಸಬೇಕು. ಪತ್ನಿಯೊಡನೆ ಕಟ್ಟಿದ 'ಸಂಕೇತ್' ತಂಡದಿಂದ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ನಾಗಮಂಡಲ' ನಾಟಕಗಳು ರಂಗವೇರಿದವು. ಧ್ವನಿಮುದ್ರಣಕ್ಕಾಗಿ ಕನ್ನಡ ಚಿತ್ರಗಳು ಮದರಾಸಿನ ಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರ ತಲೆಯೆತ್ತಿತು. ಡಾ. ರಾಜ್‌ಕುಮಾರ್ ಅಭಿನಯದ 'ಒಂದು ಮುತ್ತಿನ ಕಥೆ'ಯಲ್ಲಿ ಕ್ಯಾಮೆರಾ ಕಡಲೊಳಗೆ ಇಳಿಯಿತು. ಸಿನಿಮಾದಾಚೆಗೂ ಅವರ ಕನಸುಗಳಿದ್ದವು: ಬೆಂಗಳೂರಿಗೆ ಮೆಟ್ರೊ ರೈಲು, ನಂದಿ ಬೆಟ್ಟಕ್ಕೆ ಹಗ್ಗದ ತೊಟ್ಟಿಲು, ಬಡವರಿಗೆ ಅಗ್ಗದ ಮನೆ. ಅಂದು ಹುಚ್ಚೆನಿಸಿದ್ದ ಮೆಟ್ರೊ 2011ರಲ್ಲಿ ಬೆಂಗಳೂರಿನಲ್ಲಿ ಓಡಿತು. ಅದನ್ನು ನೋಡಲು ಅವರಿರಲಿಲ್ಲ.

ಸಾವಿನ ಗಾಯ ಹೊತ್ತ ಅರುಂಧತಿ ನಾಗ್ ಎದೆಗುಂದಲಿಲ್ಲ. ಪ್ರತಿದಿನ ನಾಟಕ ನಡೆಯುವ ರಂಗಮಂದಿರವೊಂದು ಬೇಕೆಂಬ ಹಂಬಲವನ್ನು ಬೆನ್ನಟ್ಟಿ, ವರ್ಷಗಳ ಕಾಲ ಹಣ ಹೊಂದಿಸಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ'ವನ್ನು ನಾಡಿಗೆ ಅರ್ಪಿಸಿದರು. ಅಲ್ಲಿ ಮಾರುವುದು ಅಗ್ಗದ ಟಿಕೆಟ್ಟು, ಪಾಲಿಸುವುದು ಕಟ್ಟುನಿಟ್ಟಿನ ವೇಳೆ. ನಟನೊಬ್ಬನ ಹೆಸರಿನಲ್ಲಿ ಪ್ರತಿಮೆ ನಿಲ್ಲಿಸುವುದು ಸುಲಭ. ಆತನ ಕಸುಬು ನಿಲ್ಲದಂತೆ ನೋಡಿಕೊಳ್ಳುವುದು ಕಷ್ಟ. ಅರುಂಧತಿ ಕಷ್ಟದ್ದನ್ನೇ ಆರಿಸಿಕೊಂಡರು.

ಕಂಪನಿ ನಾಟಕಗಳ ಸೊಗಸು ಕಂಡ ಈ ಭಾಗದ ಜನರಿಗೆ ರಂಗದಿಂದ ಬಂದ ನಟರ ಮೇಲೆ ಹೆಚ್ಚಿನ ಅಕ್ಕರೆ. ಆಟೋಗಳ ಹಿಂಬದಿಯಲ್ಲಿ, ಆಟೋ ನಿಲ್ದಾಣಗಳ ಫಲಕಗಳಲ್ಲಿ ಶಂಕರ್ ನಾಗ್ ಅವರ ನಗುಮೊಗ ಇಂದಿಗೂ ಕಾಣುತ್ತದೆ. ಅವರು ತೀರಿಕೊಂಡ ನಂತರ ಹುಟ್ಟಿದ ಚಾಲಕರೂ ಆ ಚಿತ್ರ ಅಂಟಿಸಿಕೊಳ್ಳುತ್ತಾರೆ. ತೆರೆಯ ಮೇಲಿನ ಆಟೋ ರಾಜನನ್ನು ಅವರು ತಮ್ಮವನೆಂದು ಒಪ್ಪಿಕೊಂಡಿದ್ದಾರೆ. 'ಆಕ್ಸಿಡೆಂಟ್' ಚಿತ್ರದ ಪತ್ರಕರ್ತ ಕೇಳಿದ ಪ್ರಶ್ನೆಯನ್ನೂ ಅಷ್ಟೇ ಪ್ರೀತಿಯಿಂದ ಒಪ್ಪಿಕೊಳ್ಳುವುದು ಉಳಿದವರ ಹೊಣೆ. ಬೀದಿಯಲ್ಲಿ ಮಲಗಿದವನ ಸಾವಿಗೂ ಬಂಗಲೆಯಲ್ಲಿ ಮಲಗಿದವನ ಸಾವಿಗೂ ಕಾನೂನು ಒಂದೇ ತಕ್ಕಡಿ ಹಿಡಿಯುತ್ತಿದೆಯೇ ಎಂಬ ಆ ಪ್ರಶ್ನೆಗೆ ನಾಡು ಇನ್ನೂ ಉತ್ತರ ಕೊಡಬೇಕಾಗಿದೆ.