ಸೇತುವೆ ಬಿತ್ತು, ಫೆರಿ ಓಡ್ತಾನೇ ಇತ್ತು

ಹೋದ ಸೆಮಿಸ್ಟರ್‌ನಲ್ಲಿ ಬಿದ್ದುಹೋದ ಸೇತುವೆಗಳ ಬಗ್ಗೆ ಒಂದು ಕ್ಲಾಸ್ ಇತ್ತು. ಅದರಲ್ಲಿ ಸರ್ ಥಾಮಸ್ ಬೌಚ್ ಅನ್ನೋ ಹೆಸರು ಒಂದು ಸ್ಲೈಡ್‌ನಲ್ಲಿ ಬಂದು ಹೋಯ್ತು. ಸ್ಕಾಟ್ಲೆಂಡಿನ ಟೇ ಸೇತುವೆ, 1879, ಗಾಳಿಗೆ ಬಿತ್ತು, ಡಿಸೈನ್ ಮಾಡಿದ್ದು ಇವರು. ಅಷ್ಟೇ. ಇವರು ಸೇತುವೆಗಿಂತ ಮೊದಲು ಏನು ಮಾಡ್ತಿದ್ರು ಅಂತ ಸುಮ್ನೆ ಹುಡುಕಿದೆ. ಸಿಕ್ಕಿದ್ದು ಒಂದು ಹಡಗಿನ ಕಥೆ.

ಬೌಚ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಕಂಬರ್ಲೆಂಡ್ ಸೀಮೆಯ ಥರ್ಸ್‌ಬಿ ಎಂಬ ಹಳ್ಳಿಯಲ್ಲಿ. ಅಪ್ಪ ಹಡಗಿನ ಕ್ಯಾಪ್ಟನ್ ಆಗಿದ್ದವರು. ಹುಡುಗ ಹದಿನೇಳನೇ ವಯಸ್ಸಿಗೇ ರೈಲ್ವೆ ಕೆಲಸಕ್ಕೆ ಸೇರಿದ. ಅಂದ್ರೆ ನಾವು ಸಿಇಟಿ ಬರೆಯೋ ವಯಸ್ಸಿಗೆ ಅವನು ಸೈಟ್‌ನಲ್ಲಿದ್ದ! 1849ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಎಡಿನ್‌ಬರೋ ಆ್ಯಂಡ್ ನಾರ್ದರ್ನ್ ರೈಲ್ವೆಗೆ ಮ್ಯಾನೇಜರ್ ಮತ್ತು ಇಂಜಿನಿಯರ್ ಆಗಿ ಬಂದರು.

ಆ ಕಂಪನಿಗೆ ದೊಡ್ಡ ತಲೆನೋವು ನೀರು. ಎಡಿನ್‌ಬರೋದಿಂದ ಡಂಡೀ ಊರಿಗೆ ಹೋಗ್ಬೇಕು ಅಂದ್ರೆ ಎರಡು ಅಳಿವೆ ದಾಟಬೇಕು. ಮೊದಲು ಫೋರ್ತ್, ಆಮೇಲೆ ಟೇ. ಜನರೇನೋ ಟ್ರೇನ್ ಇಳಿದು ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಂದು ಟ್ರೇನ್ ಹಿಡೀತಿದ್ರು. ಆದರೆ ಕಲ್ಲಿದ್ದಲು ಇಳಿದು ನಡೀತದಾ? ವ್ಯಾಗನ್ ಖಾಲಿ ಮಾಡಿ, ದೋಣಿಗೆ ತುಂಬಿ, ಆಚೆ ಮತ್ತೆ ವ್ಯಾಗನ್‌ಗೆ ತುಂಬಬೇಕು. ಟೈಮೂ ಹಾಳು, ಕೂಲಿಯೂ ಜಾಸ್ತಿ.

ವ್ಯಾಗನ್‌ಗಳನ್ನೇ ಹಡಗಿನ ಮೇಲೆ ಓಡಿಸಿದ್ರೆ? ಐಡಿಯಾ ಸುಲಭ. ಕಾಲುವೆಯಂಥ ನಿಂತ ನೀರಿನಲ್ಲಿ ಹಾಗೆ ಮಾಡಿದವರು ಮೊದಲೂ ಇದ್ದರು. ಆದರೆ ಫೋರ್ತ್ ಅಳಿವೆಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಸುಮಾರು 20 ಅಡಿ. ಬೆಳಿಗ್ಗೆ ದಡದ ಮಟ್ಟಕ್ಕಿರೋ ಹಡಗು ಮಧ್ಯಾಹ್ನ ಎರಡು ಮಹಡಿ ಕೆಳಗೆ ಹೋಗಿರುತ್ತೆ. ಹಳಿ ಎಲ್ಲಿಗೆ ಜೋಡಿಸ್ತೀರಾ?

ಬೌಚ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ ಆಯ್ತು. ದಡದಿಂದ ನೀರಿನೊಳಕ್ಕೆ ಇಳಿಯೋ ಒಂದು ಕಲ್ಲಿನ ಇಳಿಜಾರು, ಅದರ ಮೇಲೆ ಹಳಿ. ಆ ಹಳಿ ಮೇಲೆ ಚಕ್ರ ಇರೋ ಒಂದು ಭಾರೀ ವೇದಿಕೆ. ನೀರು ಏರಿದ್ರೆ ವೇದಿಕೆಯನ್ನ ಮೇಲಕ್ಕೆ ಎಳೀತಾರೆ, ಇಳಿದ್ರೆ ಕೆಳಕ್ಕೆ ಬಿಡ್ತಾರೆ. ವೇದಿಕೆಯ ತುದಿಗೆ ಕೀಲು ಹಾಕಿದ ಕಬ್ಬಿಣದ ತೊಲೆಗಳು. ಅವನ್ನ ಹಡಗಿನ ಡೆಕ್ ಮೇಲೆ ಇಳಿಬಿಟ್ರೆ ದಡದ ಹಳಿ, ಹಡಗಿನ ಹಳಿ ಒಂದಾಗ್ತವೆ. ಅಲೆಗೆ ಹಡಗು ಸ್ವಲ್ಪ ಆಡಿದ್ರೂ ಕೀಲು ಸಹಿಸಿಕೊಳ್ಳುತ್ತೆ. ವ್ಯಾಗನ್‌ಗಳನ್ನ ಎಳೆಯೋಕೆ ದಡದಲ್ಲೊಂದು ಸ್ಟೀಮ್ ಇಂಜಿನ್. ನೀರಿನ ಜೊತೆ ಜಗಳಕ್ಕೆ ಹೋಗದೆ, ಅದು ಹೋದ ಕಡೆ ತಾನೂ ಹೋಗೋ ಡಿಸೈನ್ ಇದು.

ಹಡಗಿನ ಹೆಸರು ಲೆವಯಥನ್. ಅದರ ವಿನ್ಯಾಸದಲ್ಲಿ ಥಾಮಸ್ ಗ್ರೇಂಜರ್ ಅನ್ನೋ ಇಂಜಿನಿಯರ್ ಪಾಲೂ ಇದೆ, ಕಟ್ಟಿದ್ದು ಗ್ಲಾಸ್ಗೋದ ರಾಬರ್ಟ್ ನೇಪಿಯರ್. ಎರಡು ಬದಿಗೂ ಪ್ಯಾಡಲ್ ಚಕ್ರ, ಮಧ್ಯದಲ್ಲಿ ಹಳಿಗಳಿಗೆ ಖಾಲಿ ಜಾಗ. ಒಂದೇ ಸಲಕ್ಕೆ 34 ವ್ಯಾಗನ್. 1850ರ ಫೆಬ್ರವರಿಯಿಂದ ಗ್ರ್ಯಾಂಟನ್ ಮತ್ತು ಬರ್ನ್ಟ್‌ಐಲೆಂಡ್ ನಡುವೆ, ಸುಮಾರು ಐದು ಮೈಲಿ, ಇದು ಓಡಿತು. ಮರುವರ್ಷ ಟೇ ಅಳಿವೆಯಲ್ಲೂ ಇಂಥದ್ದೇ ಇನ್ನೊಂದು. ಇವತ್ತು ಲಾರಿ, ಕಾರು ಸೀದಾ ಒಳಗೆ ನುಗ್ಗೋ ರೋ-ರೋ ಫೆರಿ ನೋಡ್ತೀವಲ್ಲ, ಅದರ ಮುತ್ತಜ್ಜ ಅಂತ ಲೆವಯಥನ್‌ನ ಕರೀಬಹುದು. ತಮಾಷೆ ಅಂದ್ರೆ ಕಲ್ಲಿದ್ದಲು ಮಾತ್ರ ಕೂತಲ್ಲೇ ಕೂತು ದಾಟ್ತಿತ್ತು. ಪ್ರಯಾಣಿಕರು ಮೊದಲಿನ ಹಾಗೇ ಇಳಿದು, ಗಂಟು ಮೂಟೆ ಹೊತ್ಕೊಂಡು ಬೇರೆ ಹಡಗು ಹತ್ತಬೇಕಿತ್ತು.

ಬೌಚ್‌ಗೆ ಫೆರಿ ಸಾಕಾಗಲಿಲ್ಲ. 1851ರಲ್ಲಿ ಕೆಲಸ ಬಿಟ್ಟು ಸ್ವಂತ ಪ್ರಾಕ್ಟೀಸ್ ಶುರು ಮಾಡಿದ್ರು. ಕಮ್ಮಿ ಖರ್ಚಿನಲ್ಲಿ ರೈಲು ದಾರಿ ಹಾಕಿಕೊಡೋರು ಅಂತ ಹೆಸರಾಯ್ತು. ಬೀಲಾ, ಡೀಪ್‌ಡೇಲ್‌ನಂಥ ಎತ್ತರದ ಕಬ್ಬಿಣದ ಸೇತುವೆಗಳನ್ನ ಕಟ್ಟಿದ್ರು, ಅವು ನೂರು ವರ್ಷ ಗಟ್ಟಿಯಾಗೇ ನಿಂತಿದ್ದವು. ಎರಡೂ ಅಳಿವೆಗೆ ಸೇತುವೆ ಹಾಕಬೇಕು ಅನ್ನೋದು ಹಳೇ ಕನಸು. 1871ರಲ್ಲಿ ಟೇ ಸೇತುವೆ ಕೆಲಸ ಶುರುವಾಯ್ತು.

ಇಲ್ಲಿಂದ ಒಂದೊಂದೇ ತಪ್ಪು. ತಳದಲ್ಲಿ ಬಂಡೆ ಇದೆ ಅಂದ್ಕೊಂಡಿದ್ದ ಕಡೆ ಬಂಡೆ ಇರಲಿಲ್ಲ. ಭಾರ ಇಳಿಸೋಕೆ ಇಟ್ಟಿಗೆ ಕಂಬದ ಬದಲು ಎರಕದ ಕಬ್ಬಿಣದ ಕಂಬ ಬಂತು. ಕಂಬಗಳನ್ನ ಹಿಡಿದಿಡೋ ಪಟ್ಟಿಗಳು ಸಿಕ್ಕಿಸಿದ್ದ ಕಿವಿಗಳೂ ಎರಕದವೇ, ಎಳೆತಕ್ಕೆ ಅವು ತಡೆಯಲ್ಲ. ಎರಕದಲ್ಲಿದ್ದ ತೂತುಗಳಿಗೆ ಮೇಣ, ಕಬ್ಬಿಣದ ಪುಡಿ ಕಲಸಿ ಮೆತ್ತಿದ್ರು. ನೋಡ್ಕೊಳ್ಳೋಕೆ ಇಟ್ಟವನಿಗೆ ಗೊತ್ತಿದ್ದದ್ದು ಇಟ್ಟಿಗೆ ಕೆಲಸ. ಎಲ್ಲಕ್ಕಿಂತ ಮುಖ್ಯ, ಗಾಳಿಯ ಒತ್ತಡಕ್ಕೆ ಅಂತ ಬೌಚ್ ಪ್ರತ್ಯೇಕ ಲೆಕ್ಕವನ್ನೇ ಇಟ್ಟಿರಲಿಲ್ಲ. 20 ಅಡಿ ನೀರಿನ ಏರಿಳಿತವನ್ನ ಅಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದ ಮನುಷ್ಯ, ಅದೇ ಊರಿನ ಗಾಳಿಯನ್ನ ಹೇಗೆ ಮರೆತ್ರು? ಇದನ್ನ ನಾನು ಎಷ್ಟು ಯೋಚಿಸಿದ್ರೂ ಬಗೆಹರಿಯಲ್ಲ.

1878ರ ಜೂನ್‌ನಲ್ಲಿ ಸೇತುವೆ ತೆರೀತು. ಮರುವರ್ಷ ವಿಕ್ಟೋರಿಯಾ ರಾಣಿ ಅದರ ಮೇಲೆ ಹಾದುಹೋದರು. ಅದೇ ತಿಂಗಳು ಬೌಚ್ ಸರ್ ಥಾಮಸ್ ಆದರು.

1879ರ ಡಿಸೆಂಬರ್ 28, ಭಾನುವಾರ ಸಂಜೆ, ಬಿರುಗಾಳಿ. ಎಡಿನ್‌ಬರೋದಿಂದ ಹೊರಟವರು ಗ್ರ್ಯಾಂಟನ್‌ನಲ್ಲಿ ಹಡಗು ಹತ್ತಿ ಅಂಥ ಗಾಳಿಯಲ್ಲೂ ಫೋರ್ತ್ ದಾಟಿ, ಬರ್ನ್ಟ್‌ಐಲೆಂಡ್‌ನಲ್ಲಿ ಟ್ರೇನ್ ಹಿಡಿದಿದ್ರು. ಸಂಜೆ ಏಳು ಗಂಟೆ ದಾಟಿದ ಮೇಲೆ ಆ ಟ್ರೇನ್ ಟೇ ಸೇತುವೆಯ ನಡುಭಾಗಕ್ಕೆ ಬಂತು. ಅಲ್ಲಿದ್ದ 13 ಎತ್ತರದ ಅಂಕಣಗಳೂ ಟ್ರೇನ್ ಸಮೇತ ನೀರಿಗೆ ಬಿದ್ದವು. ಒಬ್ಬರೂ ಉಳೀಲಿಲ್ಲ. ಸುಮಾರು 75 ಜನ ಅಂತ ಆಗ ಲೆಕ್ಕ ಹಾಕಿದ್ರು, ಹೆಸರು ಗೊತ್ತಾದವರು 59.

ವಿಚಾರಣೆ ಆಯ್ತು. ವಿನ್ಯಾಸ, ಕಟ್ಟಿದ ರೀತಿ, ನೋಡ್ಕೊಂಡ ರೀತಿ ಮೂರೂ ಕೆಟ್ಟದು, ಹೆಚ್ಚಿನ ಹೊಣೆ ಬೌಚ್‌ದೇ ಅಂತ ವರದಿ ಬಂತು. ಫೋರ್ತ್‌ಗೆ ಅವರು ಮಾಡಿದ್ದ ತೂಗುಸೇತುವೆ ಡಿಸೈನ್ ಕೈಬಿಟ್ರು. 1880ರ ಅಕ್ಟೋಬರ್ 30ಕ್ಕೆ ಮಾಫಟ್ ಊರಿನಲ್ಲಿ ತೀರಿಕೊಂಡರು. ವಯಸ್ಸು 58.

ಸೇತುವೆ ಹೋದ ಮೇಲೆ ಟೇ ದಾಟೋಕೆ ಮತ್ತೆ ಫೆರಿಯೇ ಗತಿಯಾಯ್ತು. 1887ರಲ್ಲಿ ಹೊಸ ಸೇತುವೆ ಬರೋವರೆಗೂ ಅದು ಓಡಿತು. ಫೋರ್ತ್‌ನಲ್ಲಿ ವ್ಯಾಗನ್‌ಗಳು 1890ರವರೆಗೆ, ಅಂದ್ರೆ ನಲವತ್ತು ವರ್ಷ, ಬೌಚ್ ಹಾಕಿಕೊಟ್ಟ ಪದ್ಧತಿಯಲ್ಲೇ ಹಡಗು ಹತ್ತಿ ಇಳಿದವು. ಹೊಸ ಟೇ ಸೇತುವೆಯ ಪಕ್ಕದಲ್ಲಿ ಹಳೇ ಕಂಬಗಳ ಬುಡ ಈಗಲೂ ನೀರಿನ ಮೇಲೆ ಕಾಣುತ್ತೆ.